ಮೋಟರಿಗೆ ಹಿಡಿದ ತುತ್ತೂರಿ

ಅದು ಸೋಮವಾರವೇ ಆಗಿರಬೇಕು. ನನ್ನ ನೆನಪು ಬುಧವಾರ ಎನ್ನುತ್ತದೆ. ಆದರೆ ಸಾಕ್ಷಿಯಿಲ್ಲದೆ ಯಾರ ಮಾತನ್ನೂ ಒಪ್ಪುವ ಅಭ್ಯಾಸ ನನಗಿಲ್ಲ, ನನ್ನ ನೆನಪಿನ ಮಾತನ್ನಂತೂ ಮೊದಲೇ ಇಲ್ಲ. ಸೋಮವಾರ ಎನ್ನುವುದಕ್ಕೆ ಗಟ್ಟಿ ಕಾರಣವೊಂದಿದೆ, ಅದು ಮುಂದೆ ಬರುತ್ತದೆ. ವರ್ಷ ಅರವತ್ತೆರಡೋ ಅರವತ್ತಮೂರೋ. ಕಾಲದ ಬಗ್ಗೆ ಅನುಮಾನವಿಲ್ಲ. ಹತ್ತಿಯ ಹಂಗಾಮು, ಬಿಸಿಲು ಏರಲು ಶುರುವಾಗಿತ್ತು.

ಆಗ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿಯದೇ ಒಂದು ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮಾಳಮಡ್ಡಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ವಿಶ್ವವಿದ್ಯಾಲಯದ ಎರಡು ವರ್ಷ ನನ್ನನ್ನು ಎಷ್ಟು ಕೆಡಿಸಿತ್ತೆಂದರೆ, ಅಳತೆ ಮಾಡಿ ತೋರಿಸಲಾಗದ್ದೆಲ್ಲ ನನಗೆ ಸುಳ್ಳಾಗಿಬಿಟ್ಟಿತ್ತು. ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟಿದ್ದೆ. ಊರಿಗೆ ಹೋದಾಗಲೆಲ್ಲ ತಾಯಿ ನನ್ನ ಬರಿ ಹಣೆ ನೋಡಿ ಮುಖ ತಿರುಗಿಸುತ್ತಿದ್ದಳು. ನಾನು ಅದನ್ನೂ ಒಂದು ಗೆಲುವೆಂದು ಲೆಕ್ಕ ಹಿಡಿಯುತ್ತಿದ್ದೆ.

ಒಂದು ದಿನ ತಾಯಿಯ ಅಣ್ಣ, ನನ್ನ ಮಾಮಾ, ಹುಬ್ಬಳ್ಳಿಯಿಂದ ಖೋಲಿಗೇ ಬಂದರು. ಅಮರಗೋಳದ ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ಹತ್ತಿಯ ಜಿನ್ನು ಇತ್ತು. ಅರಳೆಯನ್ನೂ ಬೀಜವನ್ನೂ ಬೇರೆ ಮಾಡುವ ಕಾರಖಾನೆ. ಅಲ್ಲಿ ಮೂರು ಮೋಟರು ಇದ್ದವು. ಅದರಲ್ಲಿ ದೊಡ್ಡದು ವಿಪರೀತ ಬಿಸಿಯಾಗಿ ಕಾಯುತ್ತಿದೆ, ನಿಲ್ಲಿಸಿ ಬಿಚ್ಚಬೇಕು ಎಂದು ಅವರ ಫಿಟರ್ ನಾಲ್ಕು ದಿನದಿಂದ ಹಿಂದೆ ಬಿದ್ದಿದ್ದನಂತೆ. ಹಿಂದಿನ ವರ್ಷವೂ ಆತ ಹೀಗೇ ಹೇಳಿ ಎರಡು ಸಲ ಅದನ್ನು ಬಿಚ್ಚಿಸಿದ್ದ. ಎರಡೂ ಸಲ ಒಳಗೆ ಏನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಹತ್ತಿ ಹೇರಿದ ಬಂಡಿಗಳು ಗೇಟಿನಿಂದ ರಸ್ತೆಯ ತಿರುವಿನವರೆಗೆ ನಿಂತು, ರೈತರು ಬೇರೆ ಜಿನ್ನಿಗೆ ಎತ್ತು ಹೊಡೆದುಕೊಂಡು ಹೋಗಿದ್ದರು.

ಮಾಮಾ ನನ್ನ ಹೊರಸಿನ ಮೇಲೆ ಕೂತು ಟೊಪ್ಪಿಗೆ ತೆಗೆದು ಮಗ್ಗುಲಲ್ಲಿಟ್ಟರು. ಜಗಳಕ್ಕೆ ಮೊದಲು ಅವರು ಹೀಗೆ ಮಾಡುವವರು.

"ನೋಡಪಾ, ಮುದುಕನ ಕೈ ಸುಳ್ಳು ಹೇಳ್ತದೋ ಖರೇ ಹೇಳ್ತದೋ ನನಗ ತಿಳಿವಲ್ದು. ನೀ ಓದಿದಾಂವ. ಬಂದು ನೋಡು. ಕಾಯಾಕತ್ತೈತಿ ಅಂದ್ರ ಬಂದ್ ಮಾಡ್ತೇನಿ. ಇಲ್ಲಂದ್ರ ಅವನ್ನ ಅವತ್ತ ಮನೀಗೆ ಕಳಸ್ತೇನಿ."

ನನಗೆ ಫಿಟರನ ಕೆಲಸದ ಚಿಂತೆ ಆ ಹೊತ್ತಿಗೆ ಬರಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನನಗೆ ಬಂದದ್ದು ಖುಷಿ. ವಾರವಾರ ಲ್ಯಾಬಿನಲ್ಲಿ ಹುಡುಗರಿಗೆ ನಾನು ಒಂದು ಪ್ರಯೋಗ ಮಾಡಿಸುತ್ತಿದ್ದೆ. ತಾಮ್ರದ ಚೌಕ ಡಬ್ಬಿಯಲ್ಲಿ ಕುದಿಯುವ ನೀರು ತುಂಬಿಸಿ, ಅದರಿಂದ ಹೊರಡುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ದೂರದಿಂದಲೇ ಅಳೆಯುವುದು. ಅಳೆಯುವ ಸಾಧನದ ಹೆಸರು ಥರ್ಮೋಪೈಲು. ಗೇಣುದ್ದದ ಹಿತ್ತಾಳೆಯ ಕೊಳವೆ, ಮುಂದೆ ತುತ್ತೂರಿಯಂಥ ಬಾಯಿ. ಆ ಬಾಯಿಗೆ ಶಾಖದ ಕಿರಣ ಬಿದ್ದರೆ ಹಿಂದಿನ ತಂತಿಗಳಲ್ಲಿ ತೀರ ಸಣ್ಣ ವಿದ್ಯುತ್ತು ಹರಿಯುತ್ತದೆ. ಅದನ್ನು ಗ್ಯಾಲ್ವನಾಮೀಟರಿಗೆ ಕೊಟ್ಟರೆ ಅದರೊಳಗಿನ ಪುಟ್ಟ ಕನ್ನಡಿ ತಿರುಗುತ್ತದೆ, ಕನ್ನಡಿಯಿಂದ ಹೊರಟ ಬೆಳಕಿನ ಚುಕ್ಕೆ ಎದುರಿನ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. ಬಿಸಿ ಹೆಚ್ಚಾದಷ್ಟೂ ಚುಕ್ಕೆ ದೂರ. ಓಡುತ್ತಿರುವ ಮೋಟರನ್ನು ಮುಟ್ಟದೆ, ನಿಲ್ಲಿಸದೆ, ಅದರ ಮೈಬಿಸಿ ಓದಬಹುದು. ಇದನ್ನು ನಮ್ಮ ಸೀಮೆಯ ಯಾವ ಕಾರಖಾನೆಯಲ್ಲೂ ಯಾರೂ ಮಾಡಿರಲಿಕ್ಕಿಲ್ಲ ಎಂದು ನನಗೆ ಆ ಕ್ಷಣವೇ ಅನಿಸಿತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಪ್ರೊಫೆಸರು ಚೀಟಿ ಬರೆಸಿಕೊಂಡು, ಗ್ಯಾಲ್ವನಾಮೀಟರಿನ ಕನ್ನಡಿ ತೂಗುವ ಎಳೆ ಹರಿದರೆ ಮತ್ತೆ ಲ್ಯಾಬಿಗೆ ಕಾಲಿಡಬೇಡ ಎಂದು ಹೇಳಿ ಸಾಮಾನು ಕೊಟ್ಟರು. ಅದೆಲ್ಲವನ್ನೂ ಒಂದು ಕರಿ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೊರಟೆ. ಎದುರಿಗೆ ಕೂತ ಅಜ್ಜಿ ಕೂಸಿಗೆ ಎಷ್ಟು ತಿಂಗಳು ಎಂದು ಕೇಳಿದಳು. ಅಥವಾ ಇದು ಬೇರೆ ಯಾವುದೋ ಪ್ರಯಾಣದ ಮಾತಿರಬಹುದು. ಎದೆಗೆ ಅವಚಿಕೊಂಡ ಆ ಗಂಟಿನ ಭಾರ ಮಾತ್ರ ಖಚಿತವಾಗಿ ನೆನಪಿದೆ.

ಜಿನ್ನಿನ ಶೆಡ್ಡಿನಲ್ಲಿ ಅರಳೆಯ ಧೂಳು ಮಂಜಿನಂತೆ ತೇಲುತ್ತಿತ್ತು. ಮೂರು ಮೋಟರುಗಳಲ್ಲಿ ಎರಡು ಹಳೆಯವು, ಬೂದು ಬಣ್ಣದವು. ದೊಡ್ಡದು ಬೆಳ್ಳಿ ಬಣ್ಣದಲ್ಲಿ ಥಳಥಳಿಸುತ್ತಿತ್ತು. ಹಂಗಾಮು ಶುರುವಾಗುವ ದಿನ ಯಂತ್ರಗಳಿಗೆ ಪೂಜೆ ಮಾಡುವ ರೂಢಿ. ಆ ವರ್ಷ ಮಾಮಾ ಎಲ್ಲಿಂದಲೋ ಒಂದು ಡಬ್ಬಿ ಬೆಳ್ಳಿ ಬಣ್ಣ ತಂದು, ದೇವರ ಮುಖವಾಡದಂತೆ ಹೊಳೆಯಲಿ ಎಂದು ದೊಡ್ಡ ಮೋಟರಿಗೆ ಹಚ್ಚಿಸಿದ್ದರು. ಡಬ್ಬಿ ಒಂದಕ್ಕೇ ಮುಗಿದಿತ್ತು.

ಫಿಟರ್ ಹಳೇ ಹುಬ್ಬಳ್ಳಿಯವರು. ಅರವತ್ತರ ಹತ್ತಿರ ವಯಸ್ಸು, ಸಣ್ಣ ಆಳು, ಸೈಕಲ್ಲಿನ ಮೇಲೆ ಬರುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎಂದೆ. ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಯಾವಾಗಲೋ ಮೋಟರಿನ ಚಕ್ರದ ಕಡೆ ಕೈ ಚಾಚಿದಾಗ ಅದಕ್ಕೆ ಸುತ್ತಿ ತಿರುಗುವ ತೊಗಲಿನ ಪಟ್ಟಾ ಉಳಿದರ್ಧ ಒಯ್ದಿತ್ತು. ಕಾಯುತ್ತಿದೆ ಎಂದು ಅವರು ಹೇಳುತ್ತಿದ್ದದ್ದೂ ಆ ಕಡೆಯ ಬೇರಿಂಗೇ. ಓಡುವಾಗ ಅಲ್ಲಿ ಯಾರೂ ಕೈ ಇಡುವ ಹಾಗಿಲ್ಲ. ನಿಲ್ಲಿಸಿ ಮುಟ್ಟುವಷ್ಟರಲ್ಲಿ ಬಿಸಿ ಇಡೀ ಮೈಗೆ ಹರಡಿರುತ್ತದೆ. ಈಚೆ ಕಡೆಯಿಂದ ನಾನೂ ಮುಟ್ಟಿ ನೋಡಿದೆ. ಚಾಕ್ ಹಿಡಿಯುವ ನನ್ನ ಕೈಗೆ ಮೂರೂ ಮೋಟರು ಸುಡುವಂತೆಯೇ ಕಂಡವು.

ಹಾಗಾದರೆ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಮುಂಜಾನೆಗಿಂತ ಮಧ್ಯಾಹ್ನ ದನಿ ಒಂದು ಎಳೆ ದಪ್ಪ ಆಗುತ್ತದೆ, ಗ್ರೀಸಿನ ವಾಸನೆ ಹುರಿದ ಹಾಗೆ ಬರುತ್ತದೆ ಎಂದರು. ನಾನು ಮೂಸಿದೆ. ನನಗೆ ಹತ್ತಿಯ ವಾಸನೆ ಬಂತು. ಮನಸ್ಸಿನಲ್ಲೇ ಅವರ ಕೇಸನ್ನು ವಜಾ ಮಾಡಿದೆ.

ನಾನು ಕಂಬಳಿ ಬಿಚ್ಚಿದಾಗ ಅವರು ತುತ್ತೂರಿಯನ್ನು ತಿರುವಿ ಮುರುವಿ ನೋಡಿದರು.

"ಇದನ್ನ ಊದಾವ್ರು ಯಾರ್ರೀ ಮಾಸ್ತರ್ರ?"

"ಊದೂದಲ್ಲ ಕಾಕಾ. ಇದು ಕೇಳೂದು."

"ಕಿವಿ ಅನ್ರಿ ಹಂಗಾರ. ಸಾವಕಾರ್ರಿಗೆ ಒಂದು ಬೇಕಾಗಿತ್ತು ಬಿಡ್ರಿ."

ಮಾಮಾ ಕೇಳಿಸದವರಂತೆ ಆಚೆ ನೋಡಿದರು.

ಕೆಲಸ ಸುಲಭವಾಗಿರಲಿಲ್ಲ. ಯಂತ್ರಗಳ ಹೊಡೆತಕ್ಕೆ ನೆಲವೇ ನಡುಗುತ್ತಿತ್ತು, ಬೆಳಕಿನ ಚುಕ್ಕೆ ಪಟ್ಟಿಯ ಮೇಲೆ ಕುಣಿಯುತ್ತಿತ್ತು. ಮೇಜಿನ ಮೇಲಿಟ್ಟೆ, ಕುಣಿಯಿತು. ಗೋಡೆಯ ಗೂಡಿನಲ್ಲಿಟ್ಟೆ, ಅಲ್ಲೂ ಕುಣಿಯಿತು. ಕಾಕಾ ಸ್ವಲ್ಪ ಹೊತ್ತು ನನ್ನ ಅವಸ್ಥೆ ನೋಡಿ, ಎರಡು ಹೊರೆ ಅರಳೆ ತಂದು ಮೂಲೆಯಲ್ಲಿ ರಾಶಿ ಹಾಕಿ, ಅದರ ಮೇಲೆ ಒಂದು ದೊಡ್ಡ ಹಾಸುಗಲ್ಲು ಮಲಗಿಸಿದರು. ಕಲ್ಲಿನ ಮೇಲೆ ಗ್ಯಾಲ್ವನಾಮೀಟರು ಇಟ್ಟೆ. ಚುಕ್ಕೆ ಒಮ್ಮೆ ತೂಗಿ ನಿಂತಿತು. ಅಂಥ ನಿಶ್ಚಲ ಚುಕ್ಕೆ ನನಗೆ ಕಾಲೇಜಿನ ಸಿಮೆಂಟಿನ ಕಟ್ಟೆಯ ಮೇಲೂ ಸಿಕ್ಕಿರಲಿಲ್ಲ.

ಕತ್ತಲೆ ಬೇಕಲ್ಲ, ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಗ್ಯಾಲ್ವನಾಮೀಟರು, ದೀಪ, ಪಟ್ಟಿ ಎಲ್ಲವನ್ನೂ ಒಳಗೆ ಸೇರಿಸಿಕೊಂಡು ಕೂತೆ. ತುತ್ತೂರಿಯನ್ನು ಬಿದಿರಿನ ಗಳಕ್ಕೆ ಕಟ್ಟಿ, ಉದ್ದ ತಂತಿ ಜೋಡಿಸಿದ್ದೆವು. ಪಟ್ಟಾದ ಹತ್ತಿರ ಹೇಗೆ ನಿಲ್ಲಬೇಕೆಂದು ಗೊತ್ತಿದ್ದವರು ಕಾಕಾ ಒಬ್ಬರೇ. ಆದ್ದರಿಂದ ಗಳ ಅವರ ಕೈಯಲ್ಲಿ. ತಮ್ಮ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ಹೇಳುವ ಯಂತ್ರವನ್ನು ಅವರೇ ಹಿಡಿದು ನಿಂತಿದ್ದರು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಮೊದಲ ಬೂದು ಮೋಟರು. ಚುಕ್ಕೆ ಸರಿಯಿತು. ಹದಿನೈದು ಹೆಜ್ಜೆ ದೂರದ ಕಬ್ಬಿಣದ ಬಿಸಿ ನನ್ನ ಮೂಗಿನ ಮುಂದೆ ಬೆಳಕಾಗಿ ನಡೆಯುತ್ತಿತ್ತು. ಒಳಗಿನಿಂದಲೇ ಕೂಗಿ ಅಂಕಿ ಹೇಳಿದೆ. ಎರಡನೆಯದೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ದೊಡ್ಡದು. ಚುಕ್ಕೆ ಅರ್ಧ ದಾರಿಗೆ ಹೋಗಿ ನಿಂತುಬಿಟ್ಟಿತು. ಪಟ್ಟಾದ ಕಡೆಗೆ ಹಿಡಿಯಲು ಹೇಳಿದೆ. ಒಂದು ಚೂರು ಮುಂದೆ, ಅಷ್ಟೇ. ಸಣ್ಣ ಮೋಟರುಗಳಷ್ಟೂ ಇಲ್ಲ.

ಕಂಬಳಿ ತೆಗೆದು ಹೊರಗೆ ಬಂದೆ. ದೊಡ್ಡ ಮೋಟರು ಉಳಿದೆರಡಕ್ಕಿಂತ ತಣ್ಣಗಿದೆ ಎಂದು ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಮನುಷ್ಯನ ಅಂದಾಜು ಸುಳ್ಳೆಂದು, ಅಳತೆಯೊಂದೇ ಖರೆಯೆಂದು ಸಾಬೀತು ಮಾಡಿದ್ದೆನಲ್ಲ.

ಮಾಮಾ ಕಾಕಾನ ಕಡೆ ತಿರುಗಿ, ಸಂಜೆಗೆ ಚಾವಿ ಕೊಟ್ಟು ಹೋಗು, ನಾಳೆಯಿಂದ ಬರಬೇಡ ಎಂದರು. ಸಿಟ್ಟಿರಲಿಲ್ಲ, ಬೇಸರವಿತ್ತು. ಇಪ್ಪತ್ತು ವರ್ಷ ಅಲ್ಲೇ ದುಡಿದ ಆಳು.

ಕಾಕಾ ಗಳ ಕೆಳಗಿಡಲಿಲ್ಲ. "ಹೋಗ್ತೇನ್ರಿ ಸಾವಕಾರ್ರ," ಎಂದರು. "ಆದ್ರ ಮಾಸ್ತರ್ರು ಇನ್ನೊಮ್ಮಿ ನೋಡ್ಲಿ. ಒಮ್ಮಿ ಸಾಕು."

ಬರಿಯ ಮರ್ಯಾದೆಗೆಂದು ಮತ್ತೆ ಕಂಬಳಿಯೊಳಗೆ ಹೊಕ್ಕೆ. ಚುಕ್ಕೆ ಮೊದಲಿನ ಅರ್ಧ ದಾರಿಯಲ್ಲೇ ನಿಂತಿತ್ತು. ನೋಡುತ್ತಿದ್ದಂತೆ ಅದು ಹೊರಟಿತು. ಬೂದು ಮೋಟರಿನ ಗುರುತು ದಾಟಿತು, ನಿಲ್ಲಲಿಲ್ಲ, ಪಟ್ಟಿಯ ತುದಿ ದಾಟಿ ಕಂಬಳಿಯ ಮೇಲೆ ಹೋಯಿತು.

ತಂತಿ ಸಡಿಲಾಯಿತೆಂದುಕೊಂಡು ಹೊರಗೆ ಧಾವಿಸಿದೆ. ತಂತಿ ನೆಟ್ಟಗಿತ್ತು. ಕಾಕಾ ಅಲ್ಲೇ ನಿಂತಿದ್ದರು. ಪಟ್ಟಾದ ಕಡೆಯ ಬೇರಿಂಗಿನ ಮುಚ್ಚಳಕ್ಕೇ ತುತ್ತೂರಿ ಹಿಡಿದಿದ್ದರು, ಆದರೆ ಬೇರೆ ಜಾಗಕ್ಕೆ. ಮುಚ್ಚಳದ ಬೆಳ್ಳಿ ಬಣ್ಣದ ಮೇಲೆ ದಪ್ಪನೆಯ ಮೂರು ವಿಭೂತಿ ಗೆರೆಗಳಿದ್ದವು. ಮೂರನೆಯ ಗೆರೆ ಗಿಡ್ಡ, ಏಕೆಂದರೆ ಆ ಬೆರಳು ಅರ್ಧ. ಪ್ರತಿ ಸೋಮವಾರ ಸ್ವಿಚ್ಚು ಹಾಕುವ ಮೊದಲು ಮೋಟರುಗಳ ಎರಡೂ ತುದಿಗೆ ವಿಭೂತಿ ಹಚ್ಚುವುದು ಅವರ ನೇಮ. ಬುಧವಾರದ ಹೊತ್ತಿಗೆ ಅದರ ಮೇಲೆ ಅರಳೆಯ ಧೂಳು ಕೂತುಬಿಡುತ್ತಿತ್ತು. ಅವತ್ತು ಗೆರೆಗಳು ಬೆಳ್ಳಗೆ, ಈಗ ತಾನೆ ಎಳೆದಂತಿದ್ದವು. ಅದು ಸೋಮವಾರ ಎನ್ನಲು ನನ್ನ ಸಾಕ್ಷಿ ಇದು.

ನನ್ನ ತಲೆಯೊಳಗೆ ಏನೋ ಒಂದು ಕಳಚಿ ಸರಿಯಾದ ಜಾಗದಲ್ಲಿ ಕೂತಿತು. ಲ್ಯಾಬಿನ ತಾಮ್ರದ ಡಬ್ಬಿ. ಅದಕ್ಕೆ ನಾಲ್ಕು ಮಗ್ಗುಲು. ಒಂದಕ್ಕೆ ಮಸಿ, ಒಂದಕ್ಕೆ ಬಿಳಿ ಬಣ್ಣ, ಒಂದು ಒರಟು, ಒಂದು ಕನ್ನಡಿಯಂತೆ ಉಜ್ಜಿದ್ದು. ಒಳಗೆ ಒಂದೇ ಕುದಿಯುವ ನೀರು. ಆದರೂ ಮಸಿಯ ಮಗ್ಗುಲಿಗೆ ತುತ್ತೂರಿ ಹಿಡಿದರೆ ಚುಕ್ಕೆ ಓಡುತ್ತದೆ, ಹೊಳೆಯುವ ಮಗ್ಗುಲಿಗೆ ಹಿಡಿದರೆ ಕದಲುವುದೇ ಕಷ್ಟ. ಹೊಳೆಯುವ ಲೋಹ ತನ್ನ ಬಿಸಿಯನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಪ್ರಯೋಗದ ಉದ್ದೇಶವೇ ಅದು. ವಾರವಾರ ಹುಡುಗರ ಜರ್ನಲ್ಲಿನಲ್ಲಿ ಅದನ್ನು ಓದಿ ಕೆಂಪು ಶಾಯಿಯ ಸಹಿ ಹಾಕುತ್ತಿದ್ದವನು ನಾನು. ಬೆಳ್ಳಿ ಬಣ್ಣ ಬಳಿದ ಮೋಟರಿನ ಮುಂದೆ ನಿಂತಾಗ ಅದು ನೆನಪಿಗೆ ಬರಲಿಲ್ಲ. ಬೆಳ್ಳಿ ಬಣ್ಣ ಮೋಟರಿನ ಜ್ವರವನ್ನು ಮುಚ್ಚಿಟ್ಟಿತ್ತು. ಬೂದಿ ಮುಚ್ಚಿಡುವುದಿಲ್ಲ. ಕಣ್ಣಿಗೆ ಬಿಳಿಯಾದರೂ ಅವಕೆಂಪಿನಲ್ಲಿ ವಿಭೂತಿ ಮಸಿಯಷ್ಟೇ ಕಪ್ಪು.

ಮಾಮಾ ಕೈ ಮುಗಿದುಬಿಟ್ಟರು. ವಿಭೂತಿಯಲ್ಲಿ ದೇವರು ಮಾತಾಡಿದ ಎಂದು ಅವರ ಲೆಕ್ಕ. ನಾನು ತಡೆದೆ. ದೇವರೋ ಬೇರಿಂಗೋ ನೋಡಿಯೇಬಿಡೋಣ ಎಂದೆ. ಬೂದು ಮೋಟರಿನ ಮೇಲಿನ ವಿಭೂತಿಗೆ ಹಿಡಿಸಿದೆ, ಬರಿ ಬಣ್ಣಕ್ಕೂ ಹಿಡಿಸಿದೆ. ಎರಡೂ ಒಂದೇ. ಹಾಗಾದರೆ ಬೂದಿಗೆ ಸ್ವಂತ ಬಿಸಿಯಿಲ್ಲ. ದೊಡ್ಡ ಮೋಟರಿನ ಈಚೆ ತುದಿಯ ವಿಭೂತಿಗೆ ಹಿಡಿಸಿದೆ. ಚುಕ್ಕೆ ಬೂದು ಮೋಟರಿನ ಗುರುತಿಗಿಂತ ಸ್ವಲ್ಪ ಮುಂದೆ ನಿಂತಿತು. ಆಚೆ ತುದಿಗೆ, ಪಟ್ಟಾದ ಕಡೆಗೆ. ಮತ್ತೆ ಪಟ್ಟಿ ದಾಟಿ ಹೋಯಿತು. ಒಂದೇ ಮೋಟರು, ಒಂದೇ ವಿಭೂತಿ, ಎರಡು ತುದಿ. ನಾನು ಕಂಬಳಿಯೊಳಗೂ ಹೊರಗೂ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಅರಳೆ ಎತ್ತುವ ಹೆಂಗಸರು ಕೆಲಸ ಬಿಟ್ಟು ನಿಂತು ನಗುತ್ತಿದ್ದರಂತೆ. ಇದನ್ನು ಮಾಮಾ ಆಮೇಲೆ ಎಲ್ಲ ಮದುವೆಗಳಲ್ಲೂ ಹೇಳಿದರು.

"ಮಾಮಾ, ಬಂದ್ ಮಾಡ್ರಿ," ಎಂದೆ. "ಕಾಕಾ ಹೇಳಿದ್ದು ಖರೇ ಐತಿ."

ಮಾಮಾ ಗೇಟಿನ ಕಡೆ, ಬಂಡಿಗಳ ಸಾಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೇ ಹೋಗಿ ಸ್ವಿಚ್ಚು ಎಳೆದರು. ಆ ಗದ್ದಲ ಇಳಿಯುತ್ತ ಇಳಿಯುತ್ತ ನಿಂತ ಮೇಲೆ ಹೊರಗಿನ ಎತ್ತುಗಳ ಗೆಜ್ಜೆ ಕೇಳಿಸಿತು.

ಕಾಕಾ ಪಟ್ಟಾ ಇಳಿಸಿ ಮುಚ್ಚಳದ ಬೋಲ್ಟು ಬಿಚ್ಚಲು ಕೂತರು. ಒಳಗೆ ಏನೂ ಸಿಗದಿದ್ದರೆ ಈ ಸಲ ಹೋಗುವವರು ಅವರೊಬ್ಬರೇ ಅಲ್ಲ, ನಾನು ನಂಬಿದ್ದೆಲ್ಲವೂ ಜೊತೆಗೆ ಹೋಗುತ್ತಿತ್ತು. ಮುಚ್ಚಳ ಬಂತು. ಗ್ರೀಸು ಒಣಗಿ ಕರಿ ಹೆಪ್ಪಾಗಿತ್ತು. ಗುಂಡುಗಳನ್ನು ಹಿಡಿದಿಡುವ ಹಿತ್ತಾಳೆಯ ಬಳೆ ಬಿರುಕು ಬಿಟ್ಟಿತ್ತು, ಎರಡು ಗುಂಡುಗಳು ಸುಟ್ಟು ನೀಲಿಗಟ್ಟಿದ್ದವು. ಮಾಮಾನ ಮುಖ ಬಿಳಚಿಕೊಂಡದ್ದು ಅದಕ್ಕಲ್ಲ. ಒಳಗೆ ಸೇರಿಕೊಂಡಿದ್ದ ಒಂದು ಹಿಡಿ ಅರಳೆ ಕಂದು ತಿರುಗಿತ್ತು. ಅಂಚಿನಲ್ಲಿ ಕರಕಲಾಗಿತ್ತು. ಅದನ್ನು ಕಾಕಾ ಎರಡು ಬೆರಳಿನಲ್ಲಿ ಎತ್ತಿ, ಶೆಡ್ಡಿನ ತುಂಬ ಸೂರಿನವರೆಗೆ ತುಂಬಿದ್ದ ಬೆಳ್ಳನೆ ರಾಶಿಯ ಕಡೆಗೊಮ್ಮೆ ನೋಡಿ, ಮಾಮಾನ ಅಂಗೈಯಲ್ಲಿಟ್ಟರು.

ಚಾವಿಯ ಮಾತು ಮತ್ತೆ ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೆ ಹೊಸ ಬೇರಿಂಗು ಹಾಕಿ ಮೋಟರು ಓಡಿಸಿದರೆಂದು ತಿಳಿಯಿತು. ಕಾಕಾ ಮುಂದೆ ಎಂಟು ಹಂಗಾಮು ಅಲ್ಲೇ ಇದ್ದರು. ಎಂಟೋ ಒಂಬತ್ತೋ.

ಈ ಕಥೆಯನ್ನು ನಾನು ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ. ನನ್ನ ಕಥೆಯಲ್ಲಿ ವಿಭೂತಿಯನ್ನು ಮೊದಲು ನೋಡಿದವನು ನಾನು. ಬೆಳ್ಳಿ ಬಣ್ಣದ ಮೇಲೆ ಆ ಗೆರೆಗಳನ್ನು ಕಂಡೆ, ತಾಮ್ರದ ಡಬ್ಬಿ ನೆನಪಾಯಿತು, ತುತ್ತೂರಿಯನ್ನು ಅಲ್ಲಿಗೆ ಸರಿಸಲು ಹೇಳಿದೆ. ಈಗಲೂ ಕಣ್ಣು ಮುಚ್ಚಿದರೆ ಹಾಗೇ ಕಾಣುತ್ತದೆ, ಅಷ್ಟು ಸ್ಪಷ್ಟವಾಗಿ. ಒಂದು ದಿನ ಪಾಠದ ನಡುವೆಯೇ ಮಾತು ನಿಂತಿತು. ಚುಕ್ಕೆ ಓಡಿದಾಗ ನಾನೆಲ್ಲಿದ್ದೆ? ಕಂಬಳಿಯೊಳಗೆ. ಕಂಬಳಿಯೊಳಗಿನಿಂದ ಮೋಟರು ಕಾಣುವುದಿಲ್ಲ. ಕಾಣದ ಗೆರೆಗಳನ್ನು ನಾನು ನೋಡಿರಲು ಸಾಧ್ಯವಿಲ್ಲ. ನನ್ನ ಕಣ್ಣಿಗೆ ಕಟ್ಟಿದ ಆ ಚಿತ್ರ ಪೂರ್ತಿ ಸುಳ್ಳು. ತುತ್ತೂರಿಯನ್ನು ಸರಿಸಿದವರು ಕಾಕಾ.

ಬೇಕೆಂದೇ ಸರಿಸಿದರೋ, ಕೈ ಸೋತು ಸರಿಯಿತೋ? ಒಮ್ಮೆ ಅವರನ್ನು ಕೇಳಿದ್ದೆ, ಅದೇ ವರ್ಷದ ಕೊನೆಗೆ. "ನೀವ ಹೇಳಿದ್ರಿ, ನಾ ಹಿಡದೆ," ಎಂದು ನಕ್ಕರು. ಅದನ್ನೇ ನಾನು ಇಷ್ಟು ವರ್ಷ ನಂಬಿದ್ದೆ. ಆದರೆ ಆ ದಿನ ಹೊರಗೆ ಧಾವಿಸಿ ಬಂದು, ಯಾಕೆ ಸರಿಸಿದಿರಿ ಎಂದು ನಾನು ಗದರಿದಂತೆಯೂ, ಅವರು ಉತ್ತರ ಕೊಟ್ಟಂತೆಯೂ ಎಲ್ಲೋ ಒಳಗೆ ಉಳಿದಿದೆ.

"ಜ್ವರಾ ನೋಡೂದು ಹಣೀಗೆ ಕೈ ಇಟ್ಟಲ್ರೀ, ಮಾಸ್ತರ್ರ?"

ಇದನ್ನು ಅವರು ಖರೇ ಹೇಳಿದರೋ, ನನ್ನ ತಪ್ಪಿಗೆ ಸಮಾಧಾನ ಹುಡುಕಿ ಈಗ ನಾನೇ ಅವರ ಬಾಯಲ್ಲಿಟ್ಟೆನೋ, ಪ್ರಮಾಣ ಮಾಡಿ ಹೇಳಲಾರೆ. ಖಚಿತವಾಗಿ ಹೇಳಬಹುದಾದದ್ದು ಇನ್ನೊಂದು. ತಿಂಗಳಿಗೊಮ್ಮೆ ತುತ್ತೂರಿ ಹಿಡಿದು ನೋಡುವುದೆಂದು ಆ ಹಂಗಾಮಿನಲ್ಲೇ ನಿಶ್ಚಯವಾಗಿತ್ತು. ಮುಂದಿನ ಸಲ ಹೋದಾಗ ಮೂರೂ ಮೋಟರಿನ ಎರಡೂ ತುದಿಗೆ, ವಿಭೂತಿಯ ಕೆಳಗೆ, ರೂಪಾಯಿ ಅಗಲದ ಒಂದೊಂದು ಕರಿ ಬೊಟ್ಟು ಇತ್ತು. ಧೂಳು ಕೂತರೆ ಒರೆಸಿ ಮತ್ತೆ ಇಡಬಹುದೆಂದು ಕಾಕಾ ಕಂದೀಲಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಇಟ್ಟದ್ದು. ಮಾಮಾ ಅದನ್ನು ದೃಷ್ಟಿಬೊಟ್ಟು ಎಂದು ತಿಳಿದು ಸಂತೋಷಪಟ್ಟಿದ್ದರು, ಕಾಕಾ ಅವರನ್ನು ತಿದ್ದಿರಲಿಲ್ಲ.

ನಾನು ಕಂಬಳಿ ಹೊದ್ದು ಕೂತೆ. ಬೂದು ಮೋಟರುಗಳು ಮುಗಿದು ದೊಡ್ಡದರ ಸರದಿ ಬಂತು. ಹೊರಗಿನಿಂದ ಕಾಕಾನ ದನಿ ಬಂತು.

"ಹಿಡದೇನಿ. ನೋಡು ತಮ್ಮಾ."

ಬೆಳಕಿನ ಚುಕ್ಕೆ ಸರಿದು, ಉಳಿದೆರಡು ಮೋಟರಿಗೆ ನಿಂತಿದ್ದ ಜಾಗದಲ್ಲೇ ಬಂದು ನಿಂತಿತು.